ತುಂಬಿದ ಕೊಡ ತುಳುಕಿದಾಗ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

"ಅಪ್ಪ ಆರು ತಿಂಗಳಿಂದ ಮನೆ ಬಿಟ್ಟು ಹೊರಗೆ ಬಂದಿಲ್ಲ. ಯಾರ ಜೊತೆಗೂ ಮಾತಿಲ್ಲ. ಡಿಪ್ರೆಶನ್ ಇರಬೇಕು." ಅಪ್ಪನನ್ನು ನನ್ನ ಹತ್ತಿರ ಸಲಹೆಗೆ ಕರೆತಂದ ಮಗಳು ಹೇಳಿದ್ದು ಇಷ್ಟೇ. ಅಪ್ಪನಿಗೆ 68 ವರ್ಷ. ಕೂರುವ ಮೊದಲು ಚೀಲದಿಂದ ಮಡಚಿದ ಟವೆಲ್ ತೆಗೆದು ಕುರ್ಚಿಯ ಮೇಲೆ ಹಾಸಿಕೊಂಡರು. ಎದುರಿಗಿಟ್ಟ ನೀರು ಮುಟ್ಟಲಿಲ್ಲ.

ಮಗಳನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದೆ. "ಸರ್, ಮೂತ್ರದ ತೊಂದರೆ ಏನಾದರೂ ಇದೆಯಾ?" ಸುತ್ತಿಬಳಸಿ ಕೇಳಿದರೆ ಜನ ಸುತ್ತಿಬಳಸಿಯೇ ತಪ್ಪಿಸಿಕೊಳ್ಳುತ್ತಾರೆ. ಅದಕ್ಕೇ ನೇರವಾಗಿ ಕೇಳಿದೆ.

"ಗೊತ್ತೇ ಆಗಲ್ಲ ಮೇಡಂ, ಹನಿ ಹನಿ ಹೋಗ್ತಾನೇ ಇರುತ್ತೆ. ರಾತ್ರಿ ಹಾಸಿಗೆಯೂ ಒದ್ದೆ. ಹಿಡಿದುಕೊಳ್ಳೋ ಶಕ್ತಿಯೇ ಹೋಗಿದೆ."

ಹಾಗಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಟಾಯ್ಲೆಟ್‌ಗೆ ಹೋದಾಗ ಸಲೀಸಾಗಿ ಬರುತ್ತಾ ಎಂದೆ. ಇಲ್ಲ. ತುಂಬಾ ಹೊತ್ತು ನಿಲ್ಲಬೇಕು, ತಿಣುಕಬೇಕು. ಧಾರೆ ಸಣ್ಣ. ಮುಗಿಸಿ ಬಂದರೂ ಇನ್ನೂ ಉಳಿದಂತೆ. ನೆಗಡಿಗೆಂದು ತಾವೇ ತಂದು ನುಂಗಿದ ಮಾತ್ರೆಯ ನಂತರ ಎಲ್ಲವೂ ಜಾಸ್ತಿಯಾಗಿತ್ತು.

ನಾನು ಡಾಕ್ಟರಲ್ಲ. ಆದರೂ ಇದು ಹಿಡಿದುಕೊಳ್ಳಲಾಗದ ತೊಂದರೆಯಂತೆ ಕಾಣಲಿಲ್ಲ. ಖಾಲಿಯಾಗದ ತೊಂದರೆ ಇರಬಹುದು ಎನ್ನಿಸಿತು. ತುಂಬಿದ ಕೊಡ ತುಳುಕುವುದಿಲ್ಲ ಅಂತೀವಲ್ಲ, ಇಲ್ಲಿ ತುಳುಕುವುದೇ ತುಂಬಿದ ಕೊಡ. ಮೂತ್ರಕೋಶ ಸಾಮಾನ್ಯವಾಗಿ 400–500 ಮಿ.ಲೀ. ಹಿಡಿಯುತ್ತದೆ. ಹೊರಹೋಗುವ ದಾರಿ ಬಿಗಿಯಾದರೆ, ಇಲ್ಲವೇ ಮೂತ್ರಕೋಶಕ್ಕೆ ಹಿಂಡುವ ಬಲ ಕುಂದಿದರೆ, ಪ್ರತಿ ಸಲ ಒಂದಿಷ್ಟು ಒಳಗೇ ಉಳಿಯುತ್ತದೆ. ಕೊನೆಗೆ ಹೆಚ್ಚಾದದ್ದು ತಾನಾಗಿ ಜಿನುಗುತ್ತದೆ. ವಯಸ್ಸಾದ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗುವುದೇ ಇದಕ್ಕೆ ಮುಖ್ಯ ಕಾರಣ. ಹಳೆಯ ಸಕ್ಕರೆ ಕಾಯಿಲೆಯಿಂದ ನರ ಹಾಳಾದರೆ, ಬೆನ್ನುಹುರಿಗೆ ಪೆಟ್ಟಾದರೆ, ಹೆಂಗಸರಲ್ಲಿ ಗರ್ಭಕೋಶ ಕೆಳಗೆ ಜಾರಿದರೆ, ವಿಪರೀತ ಮಲಬದ್ಧತೆ ಇದ್ದರೂ ಹೀಗಾಗಬಹುದು. ಕೆಲವು ನೆಗಡಿ, ಅಲರ್ಜಿ, ನೋವಿನ ಮಾತ್ರೆಗಳೂ ಇದನ್ನು ಹೆಚ್ಚಿಸುತ್ತವೆ.

ಅವರಿಗೆ ಹೇಳಿದ್ದು: ಇದೇ ವಾರ ಯೂರಾಲಜಿಸ್ಟ್ (ಮೂತ್ರರೋಗ ತಜ್ಞರು) ಹತ್ತಿರ ಹೋಗಿ. ನೋವಿಲ್ಲ ಅಂತ ಕಾಯಬೇಡಿ, ಒಳಗೆ ಒತ್ತಡ ಹೆಚ್ಚಿದರೆ ಕಿಡ್ನಿಗೇ ಏಟು. ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ. ನೆಗಡಿ ಮಾತ್ರೆ ಬಿಡಿ, ಡಾಕ್ಟರ್ ಬರೆದುಕೊಟ್ಟದ್ದನ್ನು ಮಾತ್ರ ನೀವೇ ನಿಲ್ಲಿಸಬೇಡಿ. "ಸೋರುವುದಕ್ಕೆ" ಅಂತ ಬೇರೆಯವರ ಮಾತ್ರೆ ಕೇಳಿ ತಗೋಬೇಡಿ. ಅವುಗಳಲ್ಲಿ ಕೆಲವು ಮೂತ್ರಕೋಶವನ್ನು ಇನ್ನಷ್ಟು ಸಡಿಲ ಮಾಡುತ್ತವೆ, ಈಗ ಬರುತ್ತಿರುವ ಮೂತ್ರವೂ ಕಟ್ಟಿಕೊಳ್ಳಬಹುದು. ಮೂತ್ರ ಪೂರ್ತಿ ನಿಂತು ಕೆಳಹೊಟ್ಟೆ ಉಬ್ಬಿ ನೋವು ಬಂದರೆ, ಚಳಿಜ್ವರ ಬಂದರೆ ಆ ಗಳಿಗೆಯೇ ಆಸ್ಪತ್ರೆಗೆ.

ಮಗಳಿಗೆ ಹೇಳುವುದು ಇದೆಲ್ಲಕ್ಕಿಂತ ಕಷ್ಟವಾಯಿತು. ನಾನು ಹೇಳಲಿಲ್ಲ, ಅವರಿಂದಲೇ ಹೇಳಿಸಿದೆ. "ಇದನ್ನ ಹೇಳೋಕೆ ಆರು ತಿಂಗಳು ಬೇಕಿತ್ತಾ ಅಪ್ಪ?" ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು.

ಮೂತ್ರ ಮಾಡಿದ ಮೇಲೂ 600 ಮಿ.ಲೀ.ಗಿಂತ ಜಾಸ್ತಿ ಉಳಿದಿದೆ ಎಂದು ಸ್ಕ್ಯಾನ್‌ನಲ್ಲಿ ಕಂಡಿತು. ಕಿಡ್ನಿಗಳೂ ಸ್ವಲ್ಪ ಊದಿದ್ದವು. ಕೆಲವು ವಾರ ಕ್ಯಾಥೆಟರ್ (ಮೂತ್ರ ಹೊರಗೆ ಹರಿಸುವ ಕೊಳವೆ), ಜೊತೆಗೆ ದಾರಿ ಸಡಿಲಗೊಳಿಸುವ ಟ್ಯಾಮ್ಸುಲೋಸಿನ್ ಮಾತ್ರೆ, ಆಮೇಲೆ ಪ್ರಾಸ್ಟೇಟ್ ಆಪರೇಷನ್. ಎಲ್ಲರಿಗೂ ಆಪರೇಷನ್ನೇ ಆಗಬೇಕೆಂದಿಲ್ಲ. ನರದ ತೊಂದರೆ ಇದ್ದವರಿಗೆ ದಿನಕ್ಕೆ 4–6 ಸಲ ತಾವೇ ತೆಳು ಕೊಳವೆ ಹಾಕಿ ಖಾಲಿ ಮಾಡುವುದನ್ನು ಕಲಿಸುತ್ತಾರೆ. ಕೇಳಿದರೆ ಗಾಬರಿಯಾಗುತ್ತೆ ಅಲ್ವಾ? ಸಕ್ಕರೆ ಕಾಯಿಲೆಯ ಒಬ್ಬ ಅಮ್ಮ ಎರಡೇ ವಾರದಲ್ಲಿ ಅದನ್ನು ಹಲ್ಲುಜ್ಜುವಷ್ಟು ಸಲೀಸು ಮಾಡಿಕೊಂಡಿದ್ದರು.

ಎರಡು ತಿಂಗಳ ನಂತರ ಆ ಅಪ್ಪ ಒಬ್ಬರೇ ಬಂದರು. ಕೆಮ್ಮಿದಾಗ ಇನ್ನೂ ನಾಲ್ಕು ಹನಿ ಹೋಗುತ್ತದಂತೆ. ಅದಕ್ಕೆ ಡಾಕ್ಟರು ವ್ಯಾಯಾಮ ಹೇಳಿಕೊಟ್ಟಿದ್ದರು. ಚೀಲದಲ್ಲಿ ಟವೆಲ್ ಇತ್ತು, ಹಾಸಿಕೊಳ್ಳಲಿಲ್ಲ. "ಇರಲಿ ಅಂತ ಸುಮ್ನೆ ತಂದೆ" ಅಂದರು. ಇರಲಿ ಬಿಡಿ ಸರ್, ಅಂದೆ.