ಈಕ್ವುಸ್ ಎಲ್ಲಿ ಹೋಯ್ತು?

ಲ್ಯಾಟಿನ್‌ನಲ್ಲಿ ಕುದುರೆಗೆ 'ಈಕ್ವುಸ್' ಅಂತಿದ್ದರೆ, ಆ ಭಾಷೆಯಿಂದಲೇ ಹುಟ್ಟಿದ ಫ್ರೆಂಚ್‌ನಲ್ಲಿ 'ಶವಾಲ್', ಸ್ಪ್ಯಾನಿಷ್‌ನಲ್ಲಿ 'ಕಬಾಯೊ' ಹೇಗಾಯ್ತು ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಇವು ಈಕ್ವುಸ್‌ನ ಮಕ್ಕಳೇ ಅಲ್ಲ. ರೋಮನ್ನರ ಆಡುಮಾತಿನಲ್ಲಿ 'ಕಬಾಲ್ಲುಸ್' ಅನ್ನೋ ಇನ್ನೊಂದು ಪದ ಇತ್ತು. ದುಡಿಯುವ ಸಾಧಾರಣ ಕುದುರೆಗೆ ಹಾಗನ್ನುತ್ತಿದ್ದರು. ಜನರ ಬಾಯಲ್ಲಿ ಉಳಿದದ್ದು ಅದೇ. ಇಟಾಲಿಯನ್ನಿನ 'ಕವಾಲ್ಲೊ', ರೊಮೇನಿಯನ್ನಿನ 'ಕಾಲ್' ಕೂಡ ಅದರಿಂದಲೇ ಬಂದವು.

ಫ್ರೆಂಚ್‌ನಲ್ಲಿ ಮಾತ್ರ 'ಶ' ಯಾಕೆ? ಅಲ್ಲಿ ಪದದ ಮೊದಲಿನ 'ಕ' ಮೊದಲು 'ಚ' ಆಗಿ, ಆಮೇಲೆ 'ಶ' ಆಯಿತು. ಹಾಡುವುದು ಅನ್ನೋ ಅರ್ಥದ ಲ್ಯಾಟಿನ್ 'ಕಂತಾರೆ' ಇಟಾಲಿಯನ್ನಿನಲ್ಲಿ ಹಾಗೇ ಇದೆ, ಫ್ರೆಂಚ್‌ನಲ್ಲಿ 'ಶಾಂತೆ' ಆಗಿದೆ. ಇಂಗ್ಲಿಷಿಗೆ ಎರಡೂ ರೂಪ ಬಂದಿವೆ: ಹಳೆಯ ಫ್ರೆಂಚ್‌ನಿಂದ ಶಿವಲ್ರಿ (ವೀರಯೋಧರ ಶಿಷ್ಟಾಚಾರ), ಇಟಾಲಿಯನ್ ಮೂಲದಿಂದ ಕ್ಯಾವಲ್ರಿ (ಕುದುರೆ ಸವಾರರ ಪಡೆ).

ಈಕ್ವುಸ್ ಪೂರ್ತಿ ಸಾಯಲಿಲ್ಲ, ನನಗೆ ತುಂಬಾ ಇಷ್ಟವಾದ ಭಾಗ ಇದು. ಅದರ ಹೆಣ್ಣುರೂಪ 'ಈಕ್ವ' ಬದುಕಿಕೊಂಡಿತು. ಹೆಣ್ಣು ಕುದುರೆಗೆ ಸ್ಪ್ಯಾನಿಷ್‌ನಲ್ಲಿ 'ಯೆಗ್ವಾ', ರೊಮೇನಿಯನ್ನಿನಲ್ಲಿ 'ಯಾಪ'. ಈ 'ಪ' ನೋಡಿ ಗಾಬರಿಯಾಗಬೇಡಿ, ಅಲ್ಲಿ ನೀರಿನ 'ಅಕ್ವ' ಕೂಡ 'ಅಪ' ಆಗಿದೆ. ಅಂದ ಹಾಗೆ, ನಮ್ಮ ಸಂಸ್ಕೃತದ 'ಅಶ್ವ' ಕೂಡ ಈಕ್ವುಸ್‌ನ ದಾಯಾದಿಯೇ.