ಒಬ್ಬರೇ ಬರೆಯುವ ಟೆಕ್ ಬ್ಲಾಗ್ ಸಣ್ಣ ಪ್ರಕಾಶನವಾಗಬೇಕಾದರೆ ಮೊದಲು ಏನು ಮಾಡಬೇಕು?

ನಾಲ್ಕು ವರ್ಷಗಳಿಂದ ಒಬ್ಬರೇ ತಂತ್ರಜ್ಞಾನದ ಬ್ಲಾಗ್ ನಡೆಸುತ್ತಿದ್ದೀರಿ, ಜಾಹೀರಾತಿನಿಂದ ಅಷ್ಟಿಷ್ಟು ಹಣ ಬರುತ್ತಿದೆ, ಇದನ್ನು ಸಣ್ಣ ಪ್ರಕಾಶನ ಸಂಸ್ಥೆಯಾಗಿ ಬೆಳೆಸುವ ಆಸೆ ಇದೆ ಎಂದು ಬರೆದಿದ್ದೀರಿ. ಬರಹಗಾರರನ್ನು ಈಗಲೇ ಸೇರಿಸಿಕೊಳ್ಳಬೇಕೇ, ನೌಕರಿ ಬಿಡಬೇಕೇ, ನಿಮ್ಮ ಹೆಸರಿನಲ್ಲೇ ಇರುವ ಬ್ಲಾಗಿಗೆ ಬೇರೆ ಹೆಸರಿಡಬೇಕೇ ಎಂದು ಕೇಳಿದ್ದೀರಿ. ನಾನು ಇದೇ ದಾರಿಯಲ್ಲಿ ಒಂಬತ್ತು ವರ್ಷ ನಡೆದಿದ್ದೇನೆ. ಈಗ ನಾವು ಮೂವರು ಪೂರ್ಣಾವಧಿ ಕೆಲಸ ಮಾಡುತ್ತೇವೆ, ಆರೇಳು ಮಂದಿ ಹೊರಗಿನಿಂದ ಬರೆಯುತ್ತಾರೆ.

ಬರಹಗಾರರ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಾನು ಎಡವಿದ್ದು ಅಲ್ಲಿಯೇ. ಮೂರನೆಯ ವರ್ಷ ಪರಿಚಯದ ಎಂಜಿನಿಯರ್ ಒಬ್ಬರಿಂದ ಒಂದು ಲೇಖನ ಬರೆಸಿದೆ. ಪೆನ್‌ಡ್ರೈವ್‌ಗೆ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ತುಂಬಿಕೊಂಡು ಅದರಿಂದಲೇ ಕಂಪ್ಯೂಟರ್ ಆರಂಭಿಸುವುದು ಹೇಗೆ ಎಂಬುದು ವಿಷಯ. ಅವರು ಡೇಟಾ ನಕಲು ಮಾಡುವ ‘ಡಿಡಿ’ ಕಮಾಂಡ್ ಬಳಸಿದ್ದರು. ಅದು ಎಲ್ಲಿಗೆ ಬರೆಯಲು ಹೇಳುತ್ತೇವೆಯೋ ಅಲ್ಲಿಗೆ ಮರುಪ್ರಶ್ನೆಯಿಲ್ಲದೆ ಬರೆದುಬಿಡುತ್ತದೆ. ಅಲ್ಲಿ ಮೊದಲು ಏನಿತ್ತು ಎಂದು ನೋಡುವುದಿಲ್ಲ. ಅವರ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್‌ಗೆ ‘ಎಸ್‌ಡಿಬಿ’ ಎಂಬ ಹೆಸರು ಬಂದಿತ್ತು, ಲೇಖನದಲ್ಲಿಯೂ ಹಾಗೆಯೇ ಉಳಿಯಿತು. ನಾನು ವಾಕ್ಯ ತಿದ್ದಿದೆ, ಕಾಗುಣಿತ ತಿದ್ದಿದೆ, ಪ್ರಕಟಿಸಿದೆ. ಹತ್ತು ದಿನಗಳ ಬಳಿಕ ಓದುಗರೊಬ್ಬರು ಪತ್ರ ಬರೆದರು. ಅವರ ಯಂತ್ರದಲ್ಲಿ ಆ ಹೆಸರು ಎರಡನೆಯ ಹಾರ್ಡ್‌ಡಿಸ್ಕಿನದಾಗಿತ್ತು. ಅದರಲ್ಲಿ ಅವರ ಮಕ್ಕಳ ಫೋಟೋಗಳಿದ್ದವು. ಪತ್ರದಲ್ಲಿ ಒಂದು ಕಟುವಾದ ಮಾತೂ ಇರಲಿಲ್ಲ. ಬೇರೆಯವರಿಗೆ ಹೀಗಾಗದಿರಲಿ, ಆ ಸಾಲನ್ನು ತಿದ್ದಿ ಎಂದಷ್ಟೇ ಕೇಳಿದ್ದರು.

ಬರೆದವರನ್ನು ದೂರಲು ನನಗೆ ಬಾಯಿಯೇ ಇರಲಿಲ್ಲ. ಆ ಕಮಾಂಡನ್ನು ನಾನು ಒಮ್ಮೆಯಾದರೂ ಚಲಾಯಿಸಿ ನೋಡಿದ್ದೆನೇ? ನನ್ನ ಪಾಲಿಗೆ ಪ್ರಕಾಶನದ ಕೆಲಸ ಶುರುವಾದದ್ದು ಆ ಪತ್ರದಿಂದ. ಅಲ್ಲಿಯವರೆಗೆ ನಾನು ಇನ್ನೊಬ್ಬರ ಬರಹಕ್ಕೆ ಜಾಗ ಕೊಡುತ್ತಿದ್ದೆ, ಅಷ್ಟೆ. ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡೆವು. ಬರೆದವರಲ್ಲದ ಇನ್ನೊಬ್ಬರು, ಏನೂ ಸ್ಥಾಪಿಸದ ಹೊಸ ವರ್ಚುವಲ್ ಮಷೀನಿನಲ್ಲಿ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ನಡೆಯುವ ಇನ್ನೊಂದು ಕಂಪ್ಯೂಟರ್), ಲೇಖನದ ಪ್ರತಿ ಹೆಜ್ಜೆಯನ್ನೂ ಅಕ್ಷರಶಃ ಮಾಡಿ ನೋಡಬೇಕು. ತಮಗೆ ಗೊತ್ತಿರುವುದನ್ನು ತುಂಬಿಸಿಕೊಳ್ಳಬಾರದು. ಲೇಖನ ಹೇಳದಿದ್ದರೆ ಅಲ್ಲೇ ನಿಲ್ಲಬೇಕು. ಡೇಟಾ ಅಳಿಸಬಲ್ಲ ಕಮಾಂಡ್ ಇದ್ದರೆ ಎಚ್ಚರಿಕೆ ಅದಕ್ಕಿಂತ ಮೇಲಿರಬೇಕು, ಓದುಗರು ನಕಲು ಮಾಡಿ ಅಂಟಿಸಿದ ಮೇಲೆ ಕಣ್ಣಿಗೆ ಬೀಳುವ ಎಚ್ಚರಿಕೆಯಿಂದ ಪ್ರಯೋಜನವಿಲ್ಲ. ಯಾವ ಆವೃತ್ತಿಯಲ್ಲಿ, ಯಾವ ದಿನ ಪರೀಕ್ಷಿಸಿದೆವು ಎಂಬುದು ತಲೆಬರಹದ ಕೆಳಗೇ ಇರುತ್ತದೆ. ತಪ್ಪು ತಿದ್ದಿದರೆ, ಏನು ತಪ್ಪಾಗಿತ್ತು ಎಂಬ ಟಿಪ್ಪಣಿ ದಿನಾಂಕದ ಸಮೇತ ಲೇಖನದ ಕೊನೆಯಲ್ಲಿ ಉಳಿಯುತ್ತದೆ.

ಹಾಗಾಗಿ ಬರಹಗಾರರನ್ನು ಹುಡುಕುವ ಮೊದಲು, ಪರೀಕ್ಷಿಸಲು ನಿಮ್ಮಲ್ಲಿ ಸಮಯವಿದೆಯೇ ಎಂದು ಲೆಕ್ಕ ಹಾಕಿ. ಅನೇಕ ಲೇಖನಗಳಲ್ಲಿ ಬರೆಯುವುದಕ್ಕಿಂತ ಪರೀಕ್ಷಿಸುವುದಕ್ಕೇ ನಮಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಬರಹಗಾರರ ಸಂಭಾವನೆ ಎಲ್ಲರ ಲೆಕ್ಕದಲ್ಲೂ ಇರುತ್ತದೆ. ಆದರೆ ವರ್ಷಕ್ಕೊಮ್ಮೆ ಅದೇ ಲೇಖನವನ್ನು ಮತ್ತೆ ತೆರೆದು ಇಂದಿಗೂ ಸರಿಯಿದೆಯೇ ಎಂದು ನೋಡುವ ಖರ್ಚನ್ನು ಯಾರೂ ಬರೆದಿಡುವುದಿಲ್ಲ. ತಂತ್ರಜ್ಞಾನದ ಬರಹ ಬೇಗ ಹಳಸುತ್ತದೆ. ಪ್ರೋಗ್ರಾಮಿಂಗ್ ಭಾಷೆ ಪೈಥಾನಿನ ಹಳೆಯ ಆವೃತ್ತಿ ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ಆವರಣ ಚಿಹ್ನೆಯಿಲ್ಲದ ‘ಪ್ರಿಂಟ್’ ಸಾಲುಗಳಿದ್ದ ನಮ್ಮ ಹಳೆಯ ಪಾಠಗಳು ಪೈಥಾನ್ 3ರಲ್ಲಿ ಮೊದಲ ಸಾಲಿಗೇ ದೋಷ ತೋರಿಸುತ್ತಿದ್ದವು, ಕಲಿಯಲು ಬಂದವರು ತಪ್ಪು ತಮ್ಮದೇ ಎಂದುಕೊಳ್ಳುತ್ತಿದ್ದರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಾಗಲೂ ಹೀಗೆಯೇ ಒಂದು ರಾಶಿ ಬರಹ ಮೇಜಿಗೆ ಮರಳಿತು. ಕೆಲವನ್ನು ಹೊಸದಾಗಿ ಬರೆದೆವು, ಕೆಲವನ್ನು ತೆಗೆದುಹಾಕಿದೆವು. ಇನ್ನೂರು ಲೇಖನಗಳನ್ನು ಸುಸ್ಥಿತಿಯಲ್ಲಿ ಇಡಲಾಗದವರು ಎರಡು ಸಾವಿರ ಪ್ರಕಟಿಸಬಾರದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ದೊಡ್ಡ ಬಂಡವಾಳ ತಂದು ಬೇಗ ಬೆಳೆಯಬಹುದಲ್ಲವೇ ಎಂದು ನಿಮಗೆ ಅನ್ನಿಸಬಹುದು. ಓಂ ಮಲಿಕ್ ಒಬ್ಬರೇ ಬರೆಯುತ್ತಿದ್ದ ಟೆಕ್ ಬ್ಲಾಗ್ ಗಿಗಾಓಂ 2006ರಲ್ಲಿ ಕಂಪನಿಯಾಯಿತು, ಹೂಡಿಕೆದಾರರ ಹಣ ಬಂತು, ಒಳ್ಳೆಯ ಪತ್ರಕರ್ತರು ಸೇರಿದರು. 2015ರ ಮಾರ್ಚ್‌ನಲ್ಲಿ ಸಾಲ ಕೊಟ್ಟವರಿಗೆ ತೀರಿಸಲು ಹಣವಿಲ್ಲದೆ ಕೆಲಸ ನಿಲ್ಲಿಸಿತು. ಇನ್ನೊಂದು ಕಡೆ ಜಾನ್ ಗ್ರೂಬರ್ ಇದ್ದಾರೆ. 2002ರಲ್ಲಿ ಡೇರಿಂಗ್ ಫೈರ್‌ಬಾಲ್ ಎಂಬ ಟೆಕ್ ಬ್ಲಾಗ್ ಆರಂಭಿಸಿದರು, 2006ರಲ್ಲಿ ಅದನ್ನೇ ಪೂರ್ಣಾವಧಿ ಕೆಲಸ ಮಾಡಿಕೊಂಡರು, ವಾರಕ್ಕೆ ಒಬ್ಬರೇ ಪ್ರಾಯೋಜಕರು ಎಂಬ ಪದ್ಧತಿ ತಂದರು, ಇಂದಿಗೂ ಅದು ಒಬ್ಬರ ಪ್ರಕಟಣೆಯಾಗಿಯೇ ನಡೆಯುತ್ತಿದೆ. ಬೆನ್ ಥಾಂಪ್ಸನ್ 2013ರಲ್ಲಿ ಟೆಕ್ ಉದ್ಯಮದ ಕುರಿತ ಸ್ಟ್ರಾಟೆಕರಿ ತಾಣ ಆರಂಭಿಸಿ, ಮರುವರ್ಷವೇ ಓದುಗರ ಚಂದಾದ ಬಲದಿಂದ ಅದನ್ನು ನಡೆಸತೊಡಗಿದರು. ನನಗೆ ಹೆಚ್ಚು ನೋವು ಕೊಟ್ಟದ್ದು ಆನಂದ್‌ಟೆಕ್. ಆನಂದ್ ಲಾಲ್ ಶಿಂಪಿ 1997ರಲ್ಲಿ, ಇನ್ನೂ ಹದಿನಾಲ್ಕು ವರ್ಷದ ಹುಡುಗನಾಗಿದ್ದಾಗ ಆರಂಭಿಸಿದ ತಾಣ ಅದು. ಪ್ರೊಸೆಸರುಗಳನ್ನು ಅಷ್ಟು ಆಳವಾಗಿ ಪರೀಕ್ಷಿಸಿ ಬರೆಯುವುದನ್ನು ನಾನು ಕಲಿತದ್ದೇ ಅಲ್ಲಿ ಓದಿ. ಅದು ಮಾರಾಟವಾಯಿತು, ಮತ್ತೆ ಕೈ ಬದಲಾಯಿತು, 2024ರ ಆಗಸ್ಟ್ 30ರಂದು ಪ್ರಕಟಣೆ ನಿಲ್ಲಿಸಿತು. ಗುಣಮಟ್ಟ ಒಂದೇ ಸಂಸ್ಥೆಯನ್ನು ಉಳಿಸುವುದಿಲ್ಲ ಎಂಬುದು ಅಂದು ನನಗೆ ಮನವರಿಕೆಯಾಯಿತು. ಓದುಗರು ನೇರವಾಗಿ ಕೊಡುವ ಹಣ ಬೇಕು.

ನಮ್ಮ ಹಣದ ವಿಚಾರ ಹೇಳುತ್ತೇನೆ. ನಾಲ್ಕನೆಯ ವರ್ಷದವರೆಗೂ ಬಹುತೇಕ ಎಲ್ಲ ಓದುಗರು ಹುಡುಕಾಟದ ಮೂಲಕವೇ ಬರುತ್ತಿದ್ದರು. ಆಮೇಲೊಮ್ಮೆ ಒಂದು ಸರ್ಚ್ ಎಂಜಿನ್ ತನ್ನ ಶ್ರೇಯಾಂಕದ ಲೆಕ್ಕಾಚಾರ ಬದಲಿಸಿತು, ಒಂದೇ ವಾರದಲ್ಲಿ ಓದುಗರ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಲೇಖನಗಳು ಹಿಂದಿನ ವಾರದವೇ, ಒಂದಕ್ಷರವೂ ಬದಲಾಗಿರಲಿಲ್ಲ. ಆಗ ಕೈ ಹಿಡಿದದ್ದು ನಮ್ಮ ಇಮೇಲ್ ಪತ್ರಿಕೆಯ ಚಂದಾದಾರರು. ಆ ಪಟ್ಟಿ ಯಾರ ಲೆಕ್ಕಾಚಾರಕ್ಕೂ ಸಿಗದೆ ನಮ್ಮ ಬಳಿಯೇ ಇತ್ತು. ನೀವು ಇಂದಿನಿಂದಲೇ ಒಂದನ್ನು ಕಟ್ಟತೊಡಗಿ, ತಿಂಗಳಿಗೊಮ್ಮೆ ಅದರ ಪ್ರತಿಯನ್ನು ಇಳಿಸಿಟ್ಟುಕೊಳ್ಳಿ. ಸ್ವಂತ ಡೊಮೈನಿನಿಂದ (ನಿಮ್ಮ ತಾಣದ ಹೆಸರಿನ ವಿಳಾಸದಿಂದ) ಕಳುಹಿಸುವುದಾದರೆ, ಪತ್ರ ನಿಜವಾಗಿ ನಿಮ್ಮದೇ ಎಂದು ಖಚಿತಪಡಿಸುವ ಎಸ್‌ಪಿಎಫ್, ಡಿಕೆಐಎಂ, ಡಿಎಂಎಆರ್‌ಸಿ ಎಂಬ ಮೂರು ವ್ಯವಸ್ಥೆಗಳನ್ನೂ ಸರಿಪಡಿಸಿಕೊಳ್ಳಿ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಗಟಾಗಿ ಇಮೇಲ್ ಕಳುಹಿಸುವವರಿಗೆ ಇವನ್ನು ಕಡ್ಡಾಯ ಮಾಡಿವೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರು ಗೂಗಲ್ ಲೆಕ್ಕದಲ್ಲಿ ಸಗಟು ಕಳುಹಿಸುವವರು. ಆದರೆ ಐನೂರು ಚಂದಾದಾರರಿರುವಾಗಲೇ ಇದನ್ನು ಮಾಡಿಕೊಳ್ಳುವುದು ಸುಲಭ.

ಪ್ರಾಯೋಜಕರಿಂದಲೂ ನಮಗೆ ಹಣ ಬರುತ್ತದೆ, ಅದರಲ್ಲಿ ಮುಜುಗರವಿಲ್ಲ. ಒಬ್ಬ ಪ್ರಾಯೋಜಕರು ತಮ್ಮ ಸಾಧನದ ವಿಮರ್ಶೆಯನ್ನು ಪ್ರಕಟಣೆಗೆ ಮೊದಲೇ ತೋರಿಸಿ ಎಂದರು. ಮಾಹಿತಿ ಸರಿಯಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳುತ್ತೇವೆ, ಅಭಿಪ್ರಾಯ ತೋರಿಸುವುದಿಲ್ಲ ಎಂದೆ. ಅವರು ಹೊರಟುಹೋದರು. ಎರಡು ತಿಂಗಳು ಬಹಳ ಕಷ್ಟವಾಯಿತು, ಆದರೂ ಆ ಉತ್ತರಕ್ಕಾಗಿ ನನಗೆ ಇಂದಿಗೂ ಹೆಮ್ಮೆ ಇದೆ. ಮೂವರೇ ಇರುವ ಸಂಸ್ಥೆಯಲ್ಲಿ ಜಾಹೀರಾತು ಮತ್ತು ಸಂಪಾದಕೀಯ ಕೆಲಸವನ್ನು ಪೂರ್ತಿ ಬೇರ್ಪಡಿಸಲಾಗದು. ಆದ್ದರಿಂದ ಪ್ರಾಯೋಜಕತ್ವ ಇರುವ ಅವಧಿಯಲ್ಲಿ ಆ ಕಂಪನಿಯ ಯಾವ ಸಾಧನವನ್ನೂ ನಾವು ವಿಮರ್ಶಿಸುವುದಿಲ್ಲ.

ಪುಸ್ತಕದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕೆನಿಸುತ್ತದೆ. ಬ್ಯಾಕಪ್ ಕುರಿತ ಹನ್ನೊಂದು ಲೇಖನಗಳನ್ನು ಸೇರಿಸಿ ಇ-ಪುಸ್ತಕ ಮಾಡಲು ಒಂದು ತಿಂಗಳು ಸಾಕು ಎಂದುಕೊಂಡಿದ್ದೆ. ಎಂಟು ತಿಂಗಳಾಯಿತು. ಬಿಡಿ ಲೇಖನ ಪ್ರತಿ ಸಲವೂ ಮೊದಲಿನಿಂದ ವಿವರಿಸುತ್ತದೆ. ಪುಸ್ತಕದಲ್ಲಿ ಒಂದು ಅಧ್ಯಾಯ ಹಿಂದಿನದರ ಹೆಗಲ ಮೇಲೆ ನಿಲ್ಲಬೇಕು. ಇನ್ನೊಂದು ಅಡ್ಡಿಯೂ ಬಂತು. ಬರಹಗಾರರೊಡನೆ ಮೊದಲೇ ಲಿಖಿತ ಒಪ್ಪಂದ ಮಾಡಿಕೊಂಡಿರಲಿಲ್ಲ, ಪುಸ್ತಕದಲ್ಲಿ ಬಳಸಲು ಒಬ್ಬೊಬ್ಬರನ್ನೂ ಹುಡುಕಿ ಒಪ್ಪಿಗೆ ಕೇಳಬೇಕಾಯಿತು. ಒಬ್ಬರು ಸಿಗಲೇ ಇಲ್ಲ, ಆ ಅಧ್ಯಾಯವನ್ನು ನಾನು ಬೇರೆಯಾಗಿ ಬರೆದೆ. ಸಂಭಾವನೆ ಎಷ್ಟು, ಯಾವಾಗ, ಹಕ್ಕು ಯಾರದು, ಪುಸ್ತಕಕ್ಕೆ ಬಳಸಬಹುದೇ ಎಂಬುದು ಮೊದಲ ಕರಡಿಗೆ ಮುನ್ನವೇ ಒಂದು ಪುಟದಲ್ಲಿ ಇರಲಿ. ಪುಸ್ತಕದ ಗುರುತು ಸಂಖ್ಯೆಯಾದ ಐಎಸ್‌ಬಿಎನ್ ತೆಗೆದುಕೊಳ್ಳುವುದಾದರೆ ಮುದ್ರಿತ ಪ್ರತಿಗೊಂದು, ಇ-ಪುಸ್ತಕದ ಕಡತ ರೂಪವಾದ ಇಪಬ್‌ಗೊಂದು ಎಂದು ರೂಪಕ್ಕೊಂದು ಸಂಖ್ಯೆ ಬೇಕಾಗುತ್ತದೆ. ಬಹುಪಾಲು ವಿಷಯ ತಾಣದಲ್ಲಿ ಉಚಿತವಾಗಿಯೇ ಇದ್ದರೂ ಜನ ಆ ಪುಸ್ತಕ ಕೊಂಡರು. ಅವರಿಗೆ ಬೇಕಾಗಿದ್ದದ್ದು ಒಂದು ಕ್ರಮ, ಯಾರೋ ಒಬ್ಬರು ಮೊದಲಿನಿಂದ ಕೊನೆಯವರೆಗೆ ಜೋಡಿಸಿಕೊಟ್ಟದ್ದು.

ನೌಕರಿಯ ವಿಷಯದಲ್ಲಿ ನಾನು ಹಿಡಿದ ಅಳತೆ ಹೀಗಿತ್ತು. ಚಂದಾ ಮತ್ತು ಮೊದಲೇ ಒಪ್ಪಂದವಾದ ಪ್ರಾಯೋಜಕರ ಹಣ, ಇವೆರಡೇ ಸೇರಿ ಸತತ ಹನ್ನೆರಡು ತಿಂಗಳು ನನ್ನ ಮನೆಯ ಖರ್ಚನ್ನು ತೂಗಿಸಬೇಕು. ಕ್ಲಿಕ್ಕಿಗೆ ಬರುವ ಜಾಹೀರಾತಿನ ಹಣವನ್ನು ಲೆಕ್ಕಕ್ಕೇ ಸೇರಿಸಲಿಲ್ಲ. ಅದರ ಜೊತೆಗೆ ಬರಹಗಾರರ ಆರು ತಿಂಗಳ ಸಂಭಾವನೆ ಬೇರೆ ಖಾತೆಯಲ್ಲಿ ಇರಬೇಕು. ಐದನೆಯ ವರ್ಷದ ಕೊನೆಗೆ ಇದು ಸಾಧ್ಯವಾಯಿತು, ಆಗ ರಾಜೀನಾಮೆ ಕೊಟ್ಟೆ. ನಿಮ್ಮ ಮೇಲೆ ಸಾಲವಿದ್ದರೆ ಇನ್ನೂ ಕಾಯಿರಿ.

ಹೆಸರನ್ನು ಬದಲಿಸಿ. ನಿಮ್ಮ ಹೆಸರಿನ ತಾಣಕ್ಕೆ ಬೇರೆಯವರು ಬರೆದಾಗ ಅವರ ಶ್ರಮದ ಮೇಲೆ ನಿಮ್ಮ ನೆರಳು ಬೀಳುತ್ತದೆ. ಒಳ್ಳೆಯ ಬರಹಗಾರರಿಗೆ ಅದು ಸಲ್ಲದು. ಬದಲಿಸುವಾಗ ಹಳೆಯ ಪ್ರತಿ ಪುಟವನ್ನೂ ಅದಕ್ಕೆ ಸಂಬಂಧಿಸಿದ ಹೊಸ ಪುಟಕ್ಕೇ 301 ರಿಡೈರೆಕ್ಟ್ ಮಾಡಿ (ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಶಾಶ್ವತವಾಗಿ ಕಳುಹಿಸುವ ವ್ಯವಸ್ಥೆ), ಎಲ್ಲವನ್ನೂ ಮುಖಪುಟಕ್ಕೆ ತಳ್ಳಬೇಡಿ. ಹಳೆಯ ಡೊಮೈನನ್ನು ಬಿಟ್ಟುಕೊಡಬೇಡಿ. ನನ್ನದನ್ನು ನಾನು ಈಗಲೂ ನವೀಕರಿಸುತ್ತೇನೆ, ಏಕೆಂದರೆ ‘ಡಿಡಿ’ ಲೇಖನಕ್ಕೆ ಜನರು ಕೊಟ್ಟಿದ್ದ ಹಳೆಯ ಕೊಂಡಿಗಳು ಇನ್ನೂ ಅಲ್ಲಲ್ಲಿ ಇವೆ, ಅವುಗಳನ್ನು ಒತ್ತಿದವರು ತಿದ್ದಿದ ಪುಟಕ್ಕೇ ಬಂದು ಸೇರಬೇಕು.