ಕಾಂಡೋಮ್ ಹರಿಯಿತು, ಮಾತ್ರೆಯೂ ನುಂಗಿದೆ. ಈಗ ನಾನು ಎಷ್ಟು ಪರ್ಸೆಂಟ್ ಸೇಫ್?

ಮೊನ್ನೆ ರಾತ್ರಿ ಕಾಂಡೋಮ್ ಹರಿಯಿತು, ಬೆಳಿಗ್ಗೆಯೇ ತುರ್ತು ಗರ್ಭನಿರೋಧಕ ಮಾತ್ರೆ ತೆಗೆದುಕೊಂಡೆ, ಗರ್ಭ ನಿಲ್ಲುವ ಸಾಧ್ಯತೆ ಎಷ್ಟು ಪರ್ಸೆಂಟ್ ಅಂತ ಕೇಳಿದ್ದೀರಿ. ನನಗೂ ಒಮ್ಮೆ ಹೀಗೇ ಆಗಿತ್ತು, ಹರಿದ ಹನ್ನೊಂದು ಗಂಟೆಯೊಳಗೆ ನಾನು ಮಾತ್ರೆ ನುಂಗಿದ್ದೆ. ಆ ತಿಂಗಳು ಗರ್ಭ ನಿಂತಿತು. ಗಾಬರಿಯಾಗಬೇಡಿ, ಮಾತ್ರೆ ತನ್ನ ಕೆಲಸ ಮಾಡಿತ್ತು. ಎಡವಿದ್ದು ನಾನು.

ಮುಟ್ಟಾಗಿ ಹನ್ನೊಂದನೇ ದಿನ ಅದು. ಹರಿದದ್ದು ಗೊತ್ತಾಗಿದ್ದೇ ಎಲ್ಲ ಮುಗಿದ ಮೇಲೆ. ಇಬ್ಬರೂ ಮುಖ ಮುಖ ನೋಡಿಕೊಂಡು ಕೂತೆವು. ಬೆಳಗಾಗುತ್ತಲೇ ಮೆಡಿಕಲ್ ಶಾಪಿಗೆ ಹೋಗಿ ಲೆವೊನಾರ್ಜೆಸ್ಟ್ರೆಲ್ ತಂದೆ, 1.5 ಮಿಲಿಗ್ರಾಂನ ಒಂದೇ ಒಂದು ಮಾತ್ರೆ. ಮಧ್ಯಾಹ್ನದವರೆಗೆ ಹೊಟ್ಟೆ ತೊಳಸುತ್ತಿತ್ತು, ಆದರೆ ವಾಂತಿಯಾಗಲಿಲ್ಲ. (ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತೆಗೆದುಕೊಳ್ಳಬೇಕು, ಇದು ನೆನಪಿರಲಿ.) ಸಂಜೆಗೆ ಮನಸ್ಸು ಎಷ್ಟು ಹಗುರವಾಯಿತು ಅಂದರೆ, ಪರೀಕ್ಷೆ ಮುಗಿಸಿ ಬಂದ ಹಾಗಿತ್ತು.

ನಾಲ್ಕು ದಿನ ಕಳೆಯಿತು. ಆ ರಾತ್ರಿ ಮನೆಯಲ್ಲಿ ಕಾಂಡೋಮ್ ಖಾಲಿಯಾಗಿತ್ತು. ಅವರು ಬೇಡ ಅಂದರು. ನಾನೇ, "ಮಾತ್ರೆ ತಗೊಂಡಿದ್ದೀನಲ್ಲ, ಈ ತಿಂಗಳು ಏನೂ ಆಗಲ್ಲ" ಅಂದೆ.

ಈ ಒಂದು ಮಾತಿನ ಬಗ್ಗೆ ನಾನು ಜಾಸ್ತಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ಮಾತ್ರೆ ಅಂದರೆ ತಿಂಗಳಿಡೀ ಕಾಯುವ ಕಾವಲು ಅಂತ ನಾನು ಅಂದುಕೊಂಡಿದ್ದೆ. ಅದು ಮಾಡುವುದು ಮುಖ್ಯವಾಗಿ ಒಂದೇ ಕೆಲಸ, ಅಂಡ ಬಿಡುಗಡೆಯಾಗುವುದನ್ನು ಕೆಲವು ದಿನ ಮುಂದೂಡುವುದು. ನಾಳೆ ಬರಬೇಕಾದ ನೆಂಟರು ಮುಂದಿನ ವಾರ ಬಂದ ಹಾಗೆ, ಬರುವುದೇನೂ ತಪ್ಪಲಿಲ್ಲ. ವೀರ್ಯಾಣು ಮೈಯೊಳಗೆ ಐದು ದಿನದವರೆಗೆ ಬದುಕಬಲ್ಲದು. ಮೊದಲ ರಾತ್ರಿಯವು ಅಂಡಕ್ಕಾಗಿ ಕಾದು ಕಾದು ಸಾಯಲಿ ಅಂತಲೇ ಈ ಮುಂದೂಡಿಕೆ. ನಾನು ಏನು ಮಾಡಿದೆ? ಅಂಡ ತಡವಾಗಿ ಹೊರಡುವ ಹೊತ್ತಿಗೆ ಸರಿಯಾಗಿ ಹೊಸ ವೀರ್ಯಾಣುಗಳನ್ನು ಒಳಗೆ ಬಿಟ್ಟುಕೊಂಡೆ. ಮಾತ್ರೆ ತೆಗೆದುಕೊಳ್ಳದೆ ಇದ್ದಿದ್ದರೆ ಬಹುಶಃ ಅಷ್ಟರಲ್ಲಿ ಅಂಡ ಬಂದು ಹೋಗಿರುತ್ತಿತ್ತು, ಹಾಗಾಗಿ ಆ ಎರಡನೇ ರಾತ್ರಿಯ ಅಪಾಯವನ್ನು ನಾನೇ ಹೆಚ್ಚಿಸಿಕೊಂಡಿದ್ದೆ ಅಂತ ಅನಿಸುತ್ತದೆ. ಎರಡನೇ ಸಲದ್ದೇ ಅಂತ ಖಚಿತವಾಗಿ ಹೇಳಲಾಗುವುದಿಲ್ಲ, ಆದರೆ ಅದೇ ಇರಬೇಕು ಎಂದರು ಡಾಕ್ಟರ್. ಮಾತ್ರೆ ನುಂಗಿದ ಮೇಲಿನ ಸಂಭೋಗಕ್ಕೆ ರಕ್ಷಣೆ ಇಲ್ಲ ಅಂತ ಒಳಗಿನ ಚೀಟಿಯಲ್ಲೇ ಬರೆದಿತ್ತು. ಆರು ವಾರದ ನಂತರ ಓದಿದೆ. ಚೀಟಿ ಮಡಿಕೆ ಕೂಡ ಬಿಚ್ಚದೆ ಬ್ಯಾಗಿನಲ್ಲೇ ಬಿದ್ದಿತ್ತು.

ಆರು ವಾರ ಯಾಕೆ ಅಂದರೆ, ಮಾತ್ರೆ ತೆಗೆದುಕೊಂಡ ಒಂದು ವಾರಕ್ಕೆ ಸ್ವಲ್ಪ ರಕ್ತ ಕಾಣಿಸಿತು. ಮುಟ್ಟು ಬೇಗ ಬಂತು ಅಂತ ಖುಷಿಪಟ್ಟೆ. ಈ ಮಾತ್ರೆಯಿಂದ ಹಾಗೆ ರಕ್ತ ಕಾಣಿಸುವುದು ಮಾಮೂಲಿ, ಅದು ಮುಟ್ಟೇ ಆಗಿರಬೇಕಿಲ್ಲ. ಆಮೇಲೆ ನಾವು ಏನು ತೀರ್ಮಾನ ಮಾಡಿದೆವು ಅನ್ನೋದು ಇಲ್ಲಿ ಬೇಡ.

ಈಗ ನಿಮ್ಮ ಪರ್ಸೆಂಟ್ ವಿಷಯ. ಆ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ನಿಮ್ಮದು ಎಷ್ಟನೇ ದಿನ ಅಂತ ನೀವು ಹೇಳಿಯೇ ಇಲ್ಲ. ಅಂಡ ಆಗಲೇ ಬಿಡುಗಡೆಯಾಗಿದ್ದರೆ ಎಷ್ಟು ಬೇಗ ನುಂಗಿದರೂ ಈ ಮಾತ್ರೆಯಿಂದ ಪ್ರಯೋಜನವಿಲ್ಲ. ಮುಟ್ಟು ಮುಗಿದ ಮಾರನೇ ದಿನವಾಗಿದ್ದರೆ ಅಪಾಯ ಮೊದಲೇ ಕಡಿಮೆ. ಇನ್ನೊಬ್ಬರು ಕೊಟ್ಟ ಸಂಖ್ಯೆ ಹಿಡಿದುಕೊಂಡು ನಿದ್ದೆ ಮಾಡುವುದರ ಬದಲು ಇವತ್ತೇ ಡಾಕ್ಟರ ಹತ್ತಿರ ಹೋಗಿ, ಕಾಪರ್ ಟಿ (ಗರ್ಭಕೋಶದೊಳಗೆ ಇಡುವ ತಾಮ್ರದ ಪುಟ್ಟ ಸಾಧನ) ಹಾಕಿಸಿಕೊಳ್ಳಬಹುದಾ ಅಂತ ಕೇಳಿ. ಘಟನೆಯಾದ ಐದು ದಿನದೊಳಗೆ ಹಾಕಿದರೆ 99 ಪರ್ಸೆಂಟಿಗೂ ಜಾಸ್ತಿ ಕೆಲಸ ಮಾಡುತ್ತದೆ, ಮಾತ್ರೆ ತೆಗೆದುಕೊಂಡಿದ್ದರೂ ಅಡ್ಡಿಯಿಲ್ಲ. ನಿಮಗೆ ಇನ್ನೂ ಸಮಯ ಇದೆ. ಫಿಟ್ಸಿಗೆ ಅಥವಾ ಟಿಬಿಗೆ ಔಷಧಿ ತಿನ್ನುತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ಕಾರ್ಬಮಾಜೆಪಿನ್, ಫೆನಿಟಾಯಿನ್, ರಿಫಾಂಪಿಸಿನ್ ಇವೆಲ್ಲ ಈ ಮಾತ್ರೆಯ ಬಲ ಕಡಿಮೆ ಮಾಡುತ್ತವೆ.

ಕಾಪರ್ ಟಿ ಬೇಡ ಅನಿಸಿದರೆ, ಮುಂದಿನ ಮುಟ್ಟು ಸರಿಯಾಗಿ ಬರುವವರೆಗೆ ಪ್ರತಿ ಸಲ ಕಾಂಡೋಮ್, ಒಂದು ಸಲವೂ ಬಿಡದೆ. ಕೊನೆಯ ಸಲ ರಕ್ಷಣೆಯಿಲ್ಲದೆ ಸೇರಿದ ದಿನದಿಂದ 21 ದಿನ ಎಣಿಸಿ ಟೆಸ್ಟ್ ಮಾಡಿ, ನಡುವೆ ರಕ್ತ ಕಾಣಿಸಿದರೂ ಮಾಡಿ. ನಾಳೆಯೇ ಮಾಡಿದರೆ ನೆಗೆಟಿವ್ ಬರುತ್ತದೆ, ಅದಕ್ಕೆ ಅರ್ಥವಿಲ್ಲ. ಮಾತ್ರೆಯಿಂದ ಮುಂದೆ ಮಕ್ಕಳಾಗುವುದಿಲ್ಲ ಅಂತ ಯಾರಾದರೂ ಹೆದರಿಸಿದರೆ ಸುಮ್ನೆ ಕೇಳಿ ಬಿಟ್ಟುಬಿಡಿ, ಅದು ಸುಳ್ಳು.

ನಾನು ಆ ವರ್ಷವೇ ಕಾಪರ್ ಟಿ ಹಾಕಿಸಿಕೊಂಡೆ. ಮೊದಲ ಮೂರು ತಿಂಗಳು ಮುಟ್ಟು ಜೋರಾಗಿಯೇ ಇತ್ತು, ನೋವೂ ಇತ್ತು. ಆದರೆ ರಾತ್ರಿ ಹೊತ್ತು ದಿನ ಎಣಿಸುವುದು ನಿಂತಿದೆ.